ಮರಣಸ್ಮರಣೆ ಮತ್ತು ಕ್ರೈಸ್ತ ಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚರ್ಚಿನ ಸಭೆಯವರಲ್ಲಿ ಯಾರನ್ನಾದರೂ ಮಣ್ಣು ಮಾಡಿ ಬಂದ ವಾರ ಬೈಬಲ್ ಅಧ್ಯಯನಕ್ಕೆ ಕೂತರೆ ಅಂದು ಬರುವ ಪ್ರಶ್ನೆಗಳೇ ಬೇರೆ. ಉಳಿದ ದಿನಗಳಲ್ಲಿ ಯಾರೂ ಎತ್ತದ ಮಾತುಗಳು ಅಂದು ತಾವಾಗಿ ಹೊರಗೆ ಬರುತ್ತವೆ. ಪ್ರೊಟೆಸ್ಟಂಟ್ ಸಭೆಯೊಂದರಲ್ಲಿ ಇಂಥ ಅಧ್ಯಯನ ನಡೆಸುತ್ತ ಬಂದಿರುವ ನನಗೆ ಹೆಚ್ಚಾಗಿ ಎದುರಾದ ಪ್ರಶ್ನೆಗಳನ್ನೂ ಅವುಗಳಿಗೆ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಕಥೋಲಿಕ ಸ್ನೇಹಿತರು ಕೇಳಿದ ಕೆಲವೂ ಇದರಲ್ಲಿ ಸೇರಿವೆ.

ಮರಣಸ್ಮರಣೆ ಎಂದರೆ ಏನು?

ನಾನು ಸಾಯುವವನು ಎಂಬುದನ್ನು ಮೈಯಲ್ಲಿ ಆರೋಗ್ಯವಿರುವಾಗಲೇ ದೇವರ ಮುಂದೆ ನೆನೆದುಕೊಂಡು, ಅದಕ್ಕೆ ತಕ್ಕಂತೆ ಇಂದಿನ ದಿನವನ್ನು ನಡೆಸುವುದು. ಇದರ ಮೂಲಪಾಠ ಬೈಬಲಿನ ಕೀರ್ತನೆಗಳು 90. ಮೋಶೆಯ ಪ್ರಾರ್ಥನೆ ಎಂಬ ತಲೆಬರಹವಿರುವ ಆ ಕೀರ್ತನೆಯಲ್ಲಿ ಮನುಷ್ಯನ ಆಯುಷ್ಯ ಎಪ್ಪತ್ತು ವರ್ಷ, ಬಲವಿದ್ದರೆ ಎಂಬತ್ತು ಎಂದು ಹೇಳಿ, ನಮ್ಮ ದಿನಗಳನ್ನು ಎಣಿಸುವುದನ್ನು ನಮಗೆ ಕಲಿಸು ಎಂದು ಬೇಡಲಾಗಿದೆ. ಎಪ್ಪತ್ತು ವರ್ಷವೆಂದರೆ ಸುಮಾರು 25,500 ದಿನ. ಗುಣಾಕಾರ ಗೊತ್ತಿರುವ ಯಾವ ಹುಡುಗನೂ ಈ ಲೆಕ್ಕವನ್ನು ಮಾಡಬಲ್ಲ. ಹಾಗಿದ್ದೂ ಕೀರ್ತನೆಗಾರನು ಅದನ್ನು ದೇವರೇ ಕಲಿಸಬೇಕಾದ ವಿದ್ಯೆ ಎಂದು ಎಣಿಸಿದ್ದಾನೆ. ಏಕೆಂದರೆ ಇಲ್ಲಿ ಬೇಕಾಗಿರುವುದು ದಿನಗಳ ಮೊತ್ತವಲ್ಲ, ಜ್ಞಾನವುಳ್ಳ ಹೃದಯ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಈ ಕೀರ್ತನೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಹನ್ನೆರಡನೆಯ ವಚನಕ್ಕೇ ನಿಂತುಬಿಡುತ್ತೇವೆ. ಮುಂದೆ ಓದಿದರೆ, ಮನುಷ್ಯನು ಧೂಳಿಗೆ ಮರಳುವುದನ್ನು ನೆನೆದ ಪ್ರಾರ್ಥನೆ ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಎಂಬ ಬೇಡಿಕೆಯಲ್ಲಿ ಮುಗಿಯುವುದು ಕಾಣುತ್ತದೆ. ಸಾವನ್ನು ನೆನೆದವನು ಕೆಲಸಕ್ಕೆ ಮರಳುತ್ತಾನೆ.

ಇದು ಸ್ಮಶಾನ ವೈರಾಗ್ಯವೇ ಅಲ್ಲವೇ?

ಅಲ್ಲ. ಸ್ಮಶಾನ ವೈರಾಗ್ಯ ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುವವರೆಗೆ ಇರುತ್ತದೆ. ಗುಂಡಿಯ ಬದಿಯಲ್ಲಿ ನಿಂತು ಹಿಡಿ ಮಣ್ಣು ಹಾಕುವಾಗ "ಏನಿದೆ ಈ ಬದುಕಿನಲ್ಲಿ, ಎಲ್ಲ ಇಷ್ಟೇ" ಎಂದ ವ್ಯಕ್ತಿಯೇ ಗೇಟು ದಾಟುವಷ್ಟರಲ್ಲಿ ಫೋನು ತೆಗೆದು ಸೈಟಿನ ವ್ಯವಹಾರ ಮಾತಾಡುವುದನ್ನು ನಾವೆಲ್ಲ ನೋಡಿದ್ದೇವೆ. ಆ ವ್ಯಕ್ತಿ ನಾನೇ ಆಗಿದ್ದ ಸಂದರ್ಭಗಳೂ ಇವೆ. ಆ ವೈರಾಗ್ಯಕ್ಕೆ ಲೋಕವೆಲ್ಲ ಸುಳ್ಳಾಗಿ ಕಾಣುತ್ತದೆ, ಆದ್ದರಿಂದ ಅದು ಯಾವ ಕೆಲಸವನ್ನೂ ಹಚ್ಚುವುದಿಲ್ಲ. ಮರಣಸ್ಮರಣೆಗೆ ಲೋಕ ಸುಳ್ಳಲ್ಲ. ಅದು ದೇವರು ಸೃಷ್ಟಿಸಿ ಒಳ್ಳೆಯದೆಂದು ಕಂಡ ಲೋಕ. ನಮಗೆ ಅಲ್ಲಿ ಸಿಕ್ಕಿರುವ ಅವಧಿ ಮಾತ್ರ ಚಿಕ್ಕದು. ಬೈಬಲಿನ ಪ್ರಸಂಗಿ ಪುಸ್ತಕದ 7ನೆಯ ಅಧ್ಯಾಯದಲ್ಲಿ ಔತಣದ ಮನೆಗಿಂತ ದುಃಖದ ಮನೆಗೆ ಹೋಗುವುದು ಲೇಸು ಎಂದಿರುವುದು ಅಳುವುದಕ್ಕಲ್ಲ, ಬದುಕಿರುವವನು ಮನಸ್ಸಿಗೆ ತಂದುಕೊಳ್ಳಲಿ ಎಂದು. ಮುಪ್ಪು ಮುಸುಕುವ ಮೊದಲೇ ದೇವರನ್ನು ನೆನೆ ಎಂಬ ಬುದ್ಧಿಮಾತನ್ನು ವಚನಗಳಲ್ಲಿ ಕೇಳಿ ಬೆಳೆದ ಕನ್ನಡಿಗರಿಗೆ ಪ್ರಸಂಗಿಯ 12ನೆಯ ಅಧ್ಯಾಯ ಪರಕೀಯವೆನಿಸುವುದೂ ಇಲ್ಲ.

ಸಾವಿಗೆ ಹೆದರಿದರೆ ನನ್ನ ವಿಶ್ವಾಸ ಕಡಿಮೆಯಾಯಿತೆಂದು ಅರ್ಥವೇ?

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಬೆವರಿದರು, ಈ ಪಾತ್ರೆ ದಾಟಿಹೋಗಲಿ ಎಂದು ಬೇಡಿದರು. ತೀರಿಕೊಂಡ ಸ್ನೇಹಿತ ಲಾಜರನನ್ನು ಎಬ್ಬಿಸುವೆನೆಂದು ಗೊತ್ತಿದ್ದೂ ಅವನ ಸಮಾಧಿಗೆ ಹೋಗುವಾಗ ಕಣ್ಣೀರು ಹಾಕಿದರು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಮರಣವನ್ನು ಕೊನೆಯ ಶತ್ರು ಎಂದೇ ಕರೆದನು, ಸ್ನೇಹಿತ ಎನ್ನಲಿಲ್ಲ. ಶತ್ರುವನ್ನು ಕಂಡು ಹೆದರುವುದರಲ್ಲಿ ಅವಮಾನವೇನಿಲ್ಲ. ಶವದ ಪೆಟ್ಟಿಗೆಯ ಮುಂದೆ ಅಳುತ್ತಿರುವ ಮಗಳನ್ನು ಹಿಡಿದು "ಅಳಬಾರದು, ಅಪ್ಪ ಕರ್ತನ ಬಳಿ ಇದ್ದಾರೆ" ಎಂದು ಗದರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೇಳಿದ ಮಾತು ನಿಜವೇ, ಹೇಳಿದ ಗಳಿಗೆ ತಪ್ಪು.

ಸಾಯಬೇಕು ಎಂದೇ ಅನಿಸುತ್ತಿದೆ. ಇದೂ ಮರಣಸ್ಮರಣೆಯೇ?

ಇಲ್ಲ, ಎರಡೂ ಬೇರೆ. ಪ್ರವಾದಿ ಎಲೀಯನು ಅಡವಿಯಲ್ಲಿ ಗಿಡವೊಂದರ ಕೆಳಗೆ ಕೂತು ಸಾಕು, ನನ್ನ ಪ್ರಾಣ ತೆಗೆ ಎಂದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟು, ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮತ್ತೆ ಮಲಗಿಸಿದನು. ದಣಿದ ಮನಸ್ಸಿಗೆ ಆರೈಕೆ ಬೇಕು, ಅದರಲ್ಲಿ ವೈದ್ಯರ ಆರೈಕೆಯೂ ಸೇರಿದೆ. ಇಂಥ ಯೋಚನೆ ಬರುತ್ತಿದ್ದರೆ ಈ ಪುಟವನ್ನು ಬದಿಗಿಟ್ಟು, ಹತ್ತಿರದವರೊಬ್ಬರಿಗೆ ಇಂದೇ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ಹಿಂದಿನ ಕ್ರೈಸ್ತರು ಇದನ್ನು ಹೇಗೆ ನಡೆಸಿಕೊಂಡು ಬಂದರು?

ತಲೆಬುರುಡೆಯನ್ನು ಮೇಜಿನ ಮೇಲಿಟ್ಟುಕೊಂಡ ಸಂತರ ಚಿತ್ರಗಳನ್ನು ನೋಡಿದವರಿಗೆ ಇದೊಂದು ವಿಚಿತ್ರ ಗೀಳೆಂದು ತೋರಬಹುದು. ಬರೆದಿಟ್ಟ ಮಾತುಗಳನ್ನು ಓದಿದರೆ ಅಭಿಪ್ರಾಯ ಬದಲಾಗುತ್ತದೆ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಮಾಡಿಕೊಟ್ಟ ನಿಯಮಗಳ ನಾಲ್ಕನೆಯ ಅಧ್ಯಾಯದಲ್ಲಿ ಮರಣವನ್ನು ದಿನವೂ ಕಣ್ಣೆದುರು ಇಟ್ಟುಕೊಳ್ಳಬೇಕೆಂಬ ಸಾಲು ಬರುತ್ತದೆ. ಅದರ ಮರುಸಾಲೇ ತನ್ನ ನಡತೆಯನ್ನು ಗಳಿಗೆ ಗಳಿಗೆಗೂ ಕಾದುಕೊಳ್ಳಬೇಕು ಎಂಬುದು. ಎರಡನ್ನೂ ಅವರು ಅಕ್ಕಪಕ್ಕದಲ್ಲಿ ಕೂರಿಸಿದ್ದಾರೆ.

ಅದಕ್ಕೂ ಹಿಂದೆ, ಇಂದಿನ ಟ್ಯುನೀಸಿಯ ದೇಶದಲ್ಲಿದ್ದ ಕಾರ್ಥೇಜ್ ನಗರಕ್ಕೆ 252ರ ಸುಮಾರಿಗೆ ಮಹಾಮಾರಿ ಬಂದಿತ್ತು. ಅಲ್ಲಿಯ ಬಿಷಪ್ ಸಿಪ್ರಿಯನ್ ತಮ್ಮ ಸಭೆಗೆ ಬರೆದ ಮಾತುಗಳಲ್ಲಿ ರೋಗದ ಲಕ್ಷಣಗಳನ್ನು ಬಿಡಿಸಿ ಹೇಳಿದ ಮೇಲೆ, ಈ ಪಿಡುಗು ನಮ್ಮನ್ನು ಪರೀಕ್ಷಿಸುತ್ತಿದೆ ಎನ್ನುತ್ತಾರೆ: ಗಟ್ಟಿಮುಟ್ಟಾಗಿರುವವರು ರೋಗಿಗಳ ಸೇವೆ ಮಾಡುತ್ತಾರೋ, ಬಂಧುಗಳಿಗೆ ಬಂಧುಗಳ ಮೇಲೆ ಪ್ರೀತಿ ಉಳಿದಿದೆಯೋ, ಯಜಮಾನನಿಗೆ ಕಾಯಿಲೆ ಬಿದ್ದ ದಾಸನ ಮೇಲೆ ಕನಿಕರವಿದೆಯೋ, ವೈದ್ಯನು ಬೇಡಿಕೊಳ್ಳುವ ರೋಗಿಯನ್ನು ಬಿಟ್ಟು ಹೋಗುವುದಿಲ್ಲವೋ ಎಂದು. ಸಾವು ಬಾಗಿಲಲ್ಲಿ ನಿಂತಾಗ ಅವರು ಪರಲೋಕದ ಮಾತನ್ನಷ್ಟೇ ಆಡಲಿಲ್ಲ, ನೆರೆಮನೆಯ ರೋಗಿಗೆ ನೀರು ಕೊಟ್ಟೆಯಾ ಎಂದೂ ಕೇಳಿದರು. 2020ರಲ್ಲಿ ಕೋವಿಡ್ ಬಂದಾಗ ಈ ಪ್ರಶ್ನೆ ನಮ್ಮ ಓಣಿಗಳಿಗೂ ಬಂದಿತ್ತು. ನಾವು ಕೊಟ್ಟ ಉತ್ತರ ಎಲ್ಲ ಮನೆಗಳಲ್ಲೂ ಹೇಳಿಕೊಳ್ಳುವಂತಿರಲಿಲ್ಲ.

ಪ್ರೊಟೆಸ್ಟಂಟ್ ಸುಧಾರಣೆಗೆ ಮೊದಲಿಟ್ಟ ಜರ್ಮನಿಯ ಮಾರ್ಟಿನ್ ಲೂಥರ್ ಸಾಯಲು ಸಿದ್ಧವಾಗುವ ಬಗೆಯನ್ನು ಕುರಿತು 1519ರಲ್ಲಿ ಒಂದು ಪ್ರಸಂಗವನ್ನು ಅಚ್ಚು ಹಾಕಿಸಿದರು. ಅದು ಆರಂಭವಾಗುವುದು ಆತ್ಮದ ವಿಚಾರದಿಂದಲ್ಲ, ಆಸ್ತಿಯ ವಿಚಾರದಿಂದ. ಮೊದಲು ನಿನ್ನ ಸೊತ್ತನ್ನು ಸರಿಯಾಗಿ ಏರ್ಪಡಿಸು, ನೀನು ಹೋದ ಮೇಲೆ ನಂಟರು ಜಗಳವಾಡದಿರಲಿ ಎನ್ನುತ್ತಾರೆ. ಎರಡನೆಯದಾಗಿ, ನಿನ್ನನ್ನು ನೋಯಿಸಿದವರನ್ನು ಕ್ಷಮಿಸು, ನೀನು ನೋಯಿಸಿದವರಲ್ಲಿ ಕ್ಷಮೆ ಕೇಳು. ದೇವರ ಕಡೆಗೆ ಕಣ್ಣೆತ್ತುವ ಮಾತು ಬರುವುದು ಆಮೇಲೆ. ಇನ್ನೊಂದು ಸೂಕ್ಷ್ಮವೂ ಅದರಲ್ಲಿದೆ: ಸಾವನ್ನು ಕುರಿತು ಯೋಚಿಸಬೇಕಾದ ಕಾಲ ಅದು ಇನ್ನೂ ದೂರವಿರುವಾಗ, ಹಾಸಿಗೆ ಹಿಡಿದು ಕೊನೆಯುಸಿರಿಗೆ ಬಂದಾಗ ಅದನ್ನು ಬಿಟ್ಟು ಕ್ರಿಸ್ತನನ್ನು ಮಾತ್ರ ನೋಡಬೇಕು. ನಾವು ಇದನ್ನು ತಿರುಗುಮುರುಗು ಮಾಡಿದ್ದೇವೆ. ಗಟ್ಟಿಯಾಗಿರುವಾಗ ಆ ಮಾತೇ ಬೇಡ ಎನ್ನುತ್ತೇವೆ. ಹಾಸಿಗೆಯಲ್ಲಿರುವವರ ಸುತ್ತ ನಿಂತು ಸಹಿ ಹಾಕಿಸಿಕೊಳ್ಳುವ ಅವಸರದಲ್ಲಿರುತ್ತೇವೆ.

ಅಮೆರಿಕದ ಪ್ರಸಂಗಕಾರ ಜೊನಾಥನ್ ಎಡ್ವರ್ಡ್ಸ್ ಹತ್ತೊಂಬತ್ತು ವಯಸ್ಸಿನ ಆಸುಪಾಸಿನಲ್ಲಿ, 1722 ಮತ್ತು 1723ರಲ್ಲಿ, ತಮಗಾಗಿ ಎಪ್ಪತ್ತು ಸಂಕಲ್ಪಗಳನ್ನು ಬರೆದುಕೊಂಡರು. ಇದು ನನ್ನ ಕೊನೆಯ ಗಳಿಗೆಯಾಗಿದ್ದರೆ ಯಾವುದನ್ನು ಮಾಡಲು ಅಂಜುತ್ತಿದ್ದೆನೋ ಅದನ್ನು ಎಂದೂ ಮಾಡೆನು ಎಂಬುದು ಅವುಗಳಲ್ಲಿ ಏಳನೆಯದು. ನಮ್ಮ ಪ್ರಸಂಗಪೀಠಗಳಲ್ಲಿ ಈ ಸಂಕಲ್ಪವನ್ನು ಹೊಗಳುವುದುಂಟು. ಅದೇ ಎಡ್ವರ್ಡ್ಸ್ ಮುಂದೆ ಮನುಷ್ಯರನ್ನು ಕೊಂಡು ಗುಲಾಮರನ್ನಾಗಿ ಮನೆಯಲ್ಲಿ ಇಟ್ಟುಕೊಂಡರೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಹೇಳಬೇಕು. ಕೊನೆಯ ಗಳಿಗೆಯನ್ನು ದಿನವೂ ನೆನೆಯುವ ಮನುಷ್ಯನಿಗೂ ತನ್ನ ಕಾಲದ ಅನ್ಯಾಯ ಕಾಣದೆ ಹೋಗಬಹುದು. ಆದ್ದರಿಂದ ನಾನು ಯಾವುದಕ್ಕೆ ಅಂಜುತ್ತೇನೆ ಎಂಬ ಒಂದೇ ಪ್ರಶ್ನೆ ಸಾಲದು. ನನ್ನಿಂದ ಯಾರಿಗೆ ಏನು ಬಾಕಿಯಿದೆ ಎಂದು ಅವರ ಕಡೆಯಿಂದಲೂ ಕೇಳಿಕೊಳ್ಳಬೇಕು.

ದಿನನಿತ್ಯದಲ್ಲಿ ಇದನ್ನು ಹೇಗೆ ರೂಢಿಸಿಕೊಳ್ಳುವುದು?

ಈಗ ಹೇಳಿದ ಬಾಕಿ ಎಂಬ ಪದವೇ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದೆ. ರಾತ್ರಿಯ ಪ್ರಾರ್ಥನೆಗೆ ಮುಂಚೆ ಎರಡು ನಿಮಿಷ, ಈ ರಾತ್ರಿಯೇ ಕರೆ ಬಂದರೆ ಏನು ಬಾಕಿ ಉಳಿಯುತ್ತದೆ ಎಂದು ನೋಡಿಕೊಳ್ಳುವುದು. "ಈ ರಾತ್ರಿ" ಎಂಬುದು ಲೂಕ 12ರ ಸಾಮ್ಯದಲ್ಲಿ, ಅಂದರೆ ಯೇಸು ಹೇಳಿದ ದೃಷ್ಟಾಂತದಲ್ಲಿ, ದೊಡ್ಡ ಕಣಜ ಕಟ್ಟಿ ಹಾಯಾಗಿರುವೆನೆಂದುಕೊಂಡ ಐಶ್ವರ್ಯವಂತನಿಗೆ ದೇವರು ಹೇಳಿದ ಮಾತು. ಆ ಸಾಮ್ಯದಲ್ಲಿ ಅವನ ಮಾತುಗಳನ್ನು ಗಮನಿಸಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕೊನೆಗೆ ನನ್ನ ಪ್ರಾಣವೇ ಎಂದು ತನ್ನನ್ನೇ ಕರೆದು ಮಾತಾಡಿಸುತ್ತಾನೆ. ಅವನ ಕಥೆಯಲ್ಲಿ ಆಳುಗಳಿಲ್ಲ, ಹೆಂಡತಿಯಿಲ್ಲ, ನೆರೆಯವನಿಲ್ಲ. ಬೆಳೆ ಕೊಯ್ದವರಿಗೆ ಕೂಲಿ ಕೊಟ್ಟನೇ ಎಂಬುದೂ ನಮಗೆ ತಿಳಿಯುವುದಿಲ್ಲ.

ಬಾಕಿಗಳಲ್ಲಿ ಮೊದಲನೆಯದು ಹಣದ್ದೇ ಆಗಿರಲಿ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡ 24ರಲ್ಲಿದೆ. ಮನೆಗೆಲಸದಾಕೆಯ ತಿಂಗಳ ಸಂಬಳ ಹತ್ತನೆಯ ತಾರೀಕಾದರೂ ಕೈಸೇರದ ಮನೆಯಲ್ಲಿ ಕೀರ್ತನೆ 90 ಓದಿ ಫಲವೇನು? ಎರಡನೆಯದು ಮುನಿಸಿನ ಬಾಕಿ: ಸೂರ್ಯ ಮುಳುಗುವ ಮುನ್ನ ಸಿಟ್ಟು ತೀರಲಿ ಎಂದು ಎಫೆಸದವರಿಗೆ ಬರೆದದ್ದು ಗಂಡ ಹೆಂಡಿರಿಗೆ ಮಾತ್ರವಲ್ಲ, ಪಾಲಾದ ಅಣ್ಣತಮ್ಮಂದಿರಿಗೂ ಸಲ್ಲುತ್ತದೆ. ಮೂರನೆಯದು ಹೇಳದೆ ಉಳಿದ ಒಳ್ಳೆಯ ಮಾತು. ನಾವು ಶ್ರದ್ಧಾಂಜಲಿ ಸಭೆಯಲ್ಲಿ ಧಾರಾಳವಾಗಿ ಹೊಗಳುತ್ತೇವೆ, ಕೇಳಿಸಿಕೊಳ್ಳಬೇಕಾದವರು ಮಾತ್ರ ಅಲ್ಲಿರುವುದಿಲ್ಲ.

ದೊಡ್ಡ ನಿರ್ಧಾರಗಳಿಗೆ ಇನ್ನೊಂದು ವಿಧಾನವಿದೆ. ಲೊಯೋಲದ ಸಂತ ಇಗ್ನೇಷಿಯಸರ ಧ್ಯಾನಾಭ್ಯಾಸಗಳಲ್ಲಿ, ಎರಡು ದಾರಿಗಳ ನಡುವೆ ಆರಿಸಲು ತಿಳಿಯದವನು ತಾನು ಮರಣಶಯ್ಯೆಯಲ್ಲಿದ್ದಂತೆ ಊಹಿಸಿಕೊಂಡು, ಆಗ ಯಾವುದನ್ನು ಆರಿಸಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಾನೋ ಅದನ್ನು ಈಗ ಆರಿಸಲಿ ಎಂಬ ಸಲಹೆಯಿದೆ. ದುಬೈ ಕೆಲಸವೋ ಊರಲ್ಲಿ ಕಾಯಿಲೆಯಿರುವ ತಾಯಿಯೋ ಎಂದು ತೂಗುತ್ತಿದ್ದ ಯುವಕನಿಗೆ ಇದನ್ನು ಹೇಳಿದ್ದೆ. ಅವನು ಹೋದ. ಸಾಲ ತೀರಿಸದೆ ಸಾಯುವುದನ್ನು ತನ್ನಿಂದ ಊಹಿಸಿಕೊಳ್ಳಲಾಗಲಿಲ್ಲ ಎಂದ. ನಾನು ನಿರೀಕ್ಷಿಸಿದ ಉತ್ತರ ಅದಾಗಿರಲಿಲ್ಲ, ಆದರೆ ಅದು ಪ್ರಾಮಾಣಿಕವಾಗಿತ್ತು.

ವಿಭೂತಿ ಬುಧವಾರದ ಬೂದಿಯ ಅರ್ಥವೇನು?

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೊದಲ ದಿನ ಕಥೋಲಿಕರೂ ಕೆಲವು ಪ್ರೊಟೆಸ್ಟಂಟ್ ಸಭೆಗಳವರೂ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಹಿಡಿದಿದ್ದ ಗರಿಗಳನ್ನು ಸುಟ್ಟು ಆ ಬೂದಿಯನ್ನು ಮಾಡುವುದು ವಾಡಿಕೆ. ಹೊಸನ್ನ ಎಂದು ಕೂಗಿದಾಗ ಕೈಯಲ್ಲಿದ್ದದ್ದೇ ಈಗ ಹಣೆಗೆ ಬರುತ್ತದೆ. ನೀನು ಮಣ್ಣು, ಮರಳಿ ಮಣ್ಣಿಗೆ ಸೇರುವೆ ಎಂಬ ಆದಿಕಾಂಡ 3ರ ಮಾತನ್ನು ಗುರುಗಳು ಹೇಳುತ್ತಾರೆ. ಒಮ್ಮೆ ಸ್ನೇಹಿತರೊಡನೆ ಅಲ್ಲಿ ನಿಂತಿದ್ದಾಗ ನನ್ನ ಮುಂದೆ ಒಬ್ಬಾಕೆ ಹಸುಗೂಸನ್ನು ಎತ್ತಿಕೊಂಡಿದ್ದಳು. ಗುರುಗಳ ಬೆರಳು ಆ ಪುಟ್ಟ ಹಣೆಯ ಬಳಿ ಒಂದು ಕ್ಷಣ ತಡೆದು, ಆಮೇಲೆ ಅದೇ ಮಾತನ್ನು ಮೆಲ್ಲಗೆ ಹೇಳಿ ಬೂದಿ ಹಚ್ಚಿತು. ಮಗುವಿಗೆ ಸೀನು ಬಂತು.

ಕೊನೆಗಳಿಗೆಯಲ್ಲಿ ಪಶ್ಚಾತ್ತಾಪಪಟ್ಟರೆ ಸಾಲದೇ? ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಕಳ್ಳನಿಗೆ ಕ್ಷಮೆ ಸಿಕ್ಕಿತಲ್ಲ?

ಸಿಕ್ಕಿತು, ಇಂದಿಗೂ ಸಿಗುತ್ತದೆ. ದೇವರ ಕೃಪೆಗೆ ಗಡಿಯಾರವಿಲ್ಲ. ಆದರೆ ಆ ಕಳ್ಳನು ಕೊನೆಯವರೆಗೆ ಕಾಯೋಣವೆಂದು ಲೆಕ್ಕ ಹಾಕಿ ಕಾದವನಲ್ಲ. ಸಂಕಟ ಬಂದಾಗ ವೆಂಕಟರಮಣ ಎಂಬ ಗಾದೆಯನ್ನು ನಾವು ಇತರರಿಗೆ ಹೇಳಿ ನಗುತ್ತೇವೆ. ಐಸಿಯು ಬಾಗಿಲಲ್ಲಿ ಸಭಾಪಾಲಕರಿಗೆ ಫೋನು ಮಾಡುವ ನಮ್ಮ ಕಥೆಯೂ ಅದೇ. ಇನ್ನು, ಕೊನೆಗಳಿಗೆ ಪ್ರಜ್ಞೆಯಿರುವಾಗಲೇ ಬರುತ್ತದೆಂಬ ಖಾತ್ರಿಯೂ ಇಲ್ಲ.

ನಾಳೆಯ ನಂಬಿಕೆಯಿಲ್ಲವೆಂದ ಮೇಲೆ ಮನೆ ಕಟ್ಟುವುದು, ಉಳಿತಾಯ ಮಾಡುವುದು ತಪ್ಪೇ?

ಯಾಕೋಬನು ತನ್ನ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಬೇಡವೆಂದದ್ದು ಯೋಜನೆಯನ್ನಲ್ಲ, ಜಂಬವನ್ನು. ಕರ್ತನ ಚಿತ್ತವಾದರೆ ಇದನ್ನೋ ಅದನ್ನೋ ಮಾಡುವೆವು ಎನ್ನಿರಿ ಎಂದ ಅವನು ಅದರ ಕೊನೆಗೆ, ಒಳ್ಳೆಯದನ್ನು ಮಾಡಲು ತಿಳಿದೂ ಮಾಡದವನಿಗೆ ಅದು ಪಾಪ ಎಂದು ಸೇರಿಸಿದ್ದಾನೆ. ಥೆಸಲೊನೀಕದಲ್ಲಿ ಕರ್ತನ ದಿನ ಬಂದೇಬಿಟ್ಟಿತೆಂಬ ಮಾತು ಹಬ್ಬಿತ್ತು. ಕೆಲಸ ಬಿಟ್ಟು ಸುಮ್ಮನೆ ತಿರುಗುವವರೂ ಆ ಸಭೆಯಲ್ಲಿದ್ದರು. ಕೆಲಸ ಮಾಡಲೊಲ್ಲದವನು ಊಟ ಮಾಡಬಾರದೆಂದು ಪೌಲನು ಬರೆದದ್ದು ಅವರಿಗೆ. ನಾಳೆ ಲೋಕ ಮುಗಿದರೂ ಇಂದು ಸೇಬಿನ ಗಿಡ ನೆಡುವೆನು ಎಂಬ ಮಾತನ್ನು ಲೂಥರ್ ಹೇಳಿದರೆಂದು ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಅದು ಅವರ ಬರಹಗಳಲ್ಲಿ ಎಲ್ಲಿಯೂ ಸಿಕ್ಕಿಲ್ಲ. ಬರಹದಲ್ಲಿ ಮೊದಲು ಕಾಣುವುದು 1944ರಲ್ಲಿ. ಮಾತು ಚೆನ್ನಾಗಿದೆ, ಹೆಸರು ಮಾತ್ರ ಕಡ ತಂದದ್ದು.

ವಿಲ್ ಬರೆಯುವುದು ವಿಶ್ವಾಸಿಯ ಕರ್ತವ್ಯವೇ?

ಹೌದೆಂದೇ ನನ್ನ ಅಭಿಪ್ರಾಯ. ಹಿಜ್ಕೀಯ ರಾಜನಿಗೆ ಪ್ರವಾದಿಯು ತಂದ ಸಂದೇಶ ನಿನ್ನ ಮನೆಯ ವ್ಯವಸ್ಥೆ ಮಾಡು, ನೀನು ಸಾಯುವೆ ಎಂಬುದಾಗಿತ್ತು. ಅವನು ಅತ್ತು ಬೇಡಿ ಹದಿನೈದು ವರ್ಷ ಪಡೆದನು, ಅಷ್ಟರಲ್ಲೇ ಬಾಬೆಲಿನ ದೂತರಿಗೆ ತನ್ನ ಭಂಡಾರವನ್ನೆಲ್ಲ ತೋರಿಸಿ ಮುಂದಿನ ತಲೆಮಾರಿಗೆ ಕೇಡು ತಂದನು. ಆಯುಷ್ಯ ಹೆಚ್ಚಿದ ಮಾತ್ರಕ್ಕೆ ವಿವೇಕ ಹೆಚ್ಚುವುದಿಲ್ಲ.

ಕ್ರೈಸ್ತರಿಗೆ ಸಾಮಾನ್ಯವಾಗಿ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ವಿಲ್ ಇಲ್ಲದೆ ಗಂಡ ತೀರಿಕೊಂಡರೆ, ಮಕ್ಕಳಿರುವ ಮನೆಯಲ್ಲಿ ಹೆಂಡತಿಗೆ ಮೂರನೆಯ ಒಂದು ಪಾಲು, ಉಳಿದ ಎರಡು ಪಾಲು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸೇರುತ್ತದೆ. ವಿಲ್ಲಿಗೆ ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಮ್ಮವರು ಎಡವುವ ಜಾಗಗಳು ಎರಡು. ಆಸ್ತಿ ಪಡೆಯುವವರೋ ಅವರ ಗಂಡ ಅಥವಾ ಹೆಂಡತಿಯೋ ಸಾಕ್ಷಿ ಹಾಕಿದರೆ ಆ ಪಾಲು ಅವರಿಗೆ ದಕ್ಕುವುದಿಲ್ಲ. ಮನೆಯಲ್ಲೇ ಕೂತು ಅಳಿಯನಿಂದ ಸಹಿ ಹಾಕಿಸಿದ ವಿಲ್ಲುಗಳು ಹೀಗೆ ಕೆಡುತ್ತವೆ. ಮದುವೆಗೆ ಮುಂಚೆ ಬರೆದ ವಿಲ್ ಮದುವೆಯಾದೊಡನೆ ರದ್ದಾಗುತ್ತದೆ, ಮತ್ತೆ ಬರೆಯಬೇಕು.

ಇದೇ ಕಾಯಿದೆಯ 118ನೆಯ ಕಲಮಿನ ಪ್ರಕಾರ ಹತ್ತಿರದ ಬಂಧುಗಳಿರುವ ಕ್ರೈಸ್ತನು ಧಾರ್ಮಿಕ ಅಥವಾ ದತ್ತಿ ಕೆಲಸಕ್ಕೆ ಆಸ್ತಿ ಬರೆಯುವುದಾದರೆ ಸಾಯುವುದಕ್ಕೆ ಒಂದು ವರ್ಷ ಮೊದಲಾದರೂ ಬರೆದಿರಬೇಕಿತ್ತು. ಇದು ತಾರತಮ್ಯವೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಆ ಕಲಮನ್ನು ತೆಗೆದುಹಾಕಿತು. ಅದು ಸರಿಯೂ ಹೌದು. ಆದರೂ ಸಾಯುವವನ ಭಯದಿಂದ ಚರ್ಚು ಲಾಭ ಮಾಡಿಕೊಂಡೀತೆಂಬ ಹಳೆಯ ಅನುಮಾನವನ್ನು ನಾವು ಮರೆಯಬಾರದು. ಕಾಯಿಲೆಯ ಹಾಸಿಗೆಯ ಬಳಿ ದಾನಪತ್ರದ ಮಾತೆತ್ತುವ ಸಭೆಯ ಹಿರಿಯರಿಗೆ ನಾನು ಬಾಗಿಲು ತೋರಿಸುವವನೇ.

ವೆಂಟಿಲೇಟರ್ ಬೇಡವೆನ್ನುವುದು ಪಾಪವೇ?

ಕೊಲ್ಲುವುದು ಬೇರೆ, ಫಲ ಕೊಡದ ಭಾರವಾದ ಚಿಕಿತ್ಸೆಯನ್ನು ನಿಲ್ಲಿಸಿ ಸಾವು ಬರಲು ಬಿಡುವುದು ಬೇರೆ. ದಯಾಮರಣವನ್ನು ಖಂಡಿಸುವ ಕಥೋಲಿಕ ಬೋಧನೆಯೂ ಎರಡನೆಯದನ್ನು ಒಪ್ಪುತ್ತದೆ. ತನ್ನ ಇಚ್ಛೆಯನ್ನು ಮುಂಚಿತವಾಗಿ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಬರೆದಿಟ್ಟರೆ ಮಕ್ಕಳ ತಲೆಯ ಮೇಲಿನ ದೊಡ್ಡ ಭಾರ ಇಳಿಯುತ್ತದೆ.

ದಹನ ಮಾಡಬಹುದೇ?

ಮಾಡಬಹುದು. ಕಥೋಲಿಕ ಸಭೆ 1963ರಲ್ಲಿ ಅನುಮತಿ ಕೊಟ್ಟಿದೆ, ಹೂಳುವುದನ್ನು ಮೇಲೆಂದು ಎಣಿಸುತ್ತದೆ. ಪುನರುತ್ಥಾನಕ್ಕೆ ಬೂದಿ ಅಡ್ಡಿಯಲ್ಲ.

ಮನೆಯಲ್ಲಿ ಈ ಮಾತು ತೆಗೆದರೆ "ಬಿಡ್ತು ಅನ್ನು" ಎನ್ನುತ್ತಾರೆ. ಹೇಗೆ ಆರಂಭಿಸುವುದು?

ಹಿರಿಯರ ಸಾವಿನ ಮಾತನ್ನು ಕಿರಿಯರು ಎತ್ತಿದರೆ ಆಸ್ತಿಗೆ ಕಣ್ಣಿಟ್ಟಂತೆ ಕೇಳಿಸುತ್ತದೆ. ಆದ್ದರಿಂದ ನಿಮ್ಮ ಸಾವಿನಿಂದ ಆರಂಭಿಸಿ: "ಅಮ್ಮಾ, ನನಗೇನಾದರೂ ಆದರೆ ಇನ್ಶೂರೆನ್ಸ್ ಕಾಗದ ಈ ಫೈಲಿನಲ್ಲಿದೆ." ಎರಡು ಸಲ ಬಿಡ್ತು ಅನ್ನು ಎಂದವರು ಮೂರನೆಯ ಸಲ ತಮ್ಮ ಬೀರುವಿನ ಬೀಗದ ಕೈ ಎಲ್ಲಿದೆ ಎಂದು ತಾವಾಗಿಯೇ ಹೇಳುತ್ತಾರೆ.

ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರು ತೀರಿಕೊಂಡ ದಿನ ಸೊಸೆ ಟ್ರಂಕು ತೆಗೆದರೆ, ಇಸ್ತ್ರಿ ಮಾಡಿದ ಬಿಳಿ ಸೀರೆ, ಕನ್ನಡಕದ ಡಬ್ಬಿ, ಹಾಡಬೇಕಾದ ಎರಡು ಗೀತೆಗಳ ನಂಬರು, ಪೆಟ್ಟಿಗೆಗೂ ಬಂದವರ ಕಾಫಿಗೂ ಎಂದು ಬರೆದು ಕಟ್ಟಿಟ್ಟ ಹಣ ಸಿಕ್ಕಿತು. ಒಂದು ಹಳೆಯ ನೋಟುಪುಸ್ತಕವೂ ಇತ್ತು. ಅವರಿಂದ ಕೈಗಡ ಪಡೆದವರ ಹೆಸರುಗಳ ಮೇಲೆಲ್ಲ ಗೀಟು ಎಳೆದಿದ್ದರು. ತಂಗಿಯ ಹೆಸರಿನ ಮೇಲೆ ಎರಡು ಗೀಟು. ಗೀಟಿಲ್ಲದೆ ಉಳಿದಿದ್ದುದು ಹಾಲಿನವನ ಹೆಸರೊಂದೇ. ಅವನಿಗೆ ಕೊಡಬೇಕಾಗಿದ್ದ ಚಿಲ್ಲರೆಯನ್ನು ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ ಕನ್ನಡಕದ ಡಬ್ಬಿಯೊಳಗೆ ಇಟ್ಟಿದ್ದರು.